ಶಂಕರ್‌ನಾಗ್ ಕನಸಿನ ಮನೆ

ಆಟೋರಿಕ್ಷಾಗಳ ಹಿಂಬದಿಯಲ್ಲಿ ಶಂಕರ್‌ನಾಗ್ ಚಿತ್ರವನ್ನು ಕಾಣದವರು ನಮ್ಮಲ್ಲಿ ಯಾರಿದ್ದಾರೆ? 1980ರ ‘ಆಟೋ ರಾಜ’ ಬಂದ ಮೇಲೆ ಚಾಲಕರು ಅವರನ್ನು ತಮ್ಮ ಮನೆಯವನೆಂದೇ ಬಗೆದರು. ಆದರೆ ಅವರು ಮೊದಲು ನಾಟಕದವರು ಎಂಬುದು ಎಷ್ಟೋ ಮಂದಿಗೆ ಮರೆತೇಹೋಗಿದೆ.

ಉತ್ತರ ಕನ್ನಡದ ಹೊನ್ನಾವರದ ಕಡೆಯ ಶಂಕರ್ ಹುಟ್ಟಿದ್ದು 1954ರ ನವೆಂಬರ್ 9ರಂದು. ಮುಂಬಯಿಯಲ್ಲಿ ಬ್ಯಾಂಕಿನ ಕೆಲಸಕ್ಕೆ ಸೇರಿದರೂ ಮನಸ್ಸೆಲ್ಲ ಮರಾಠಿ ರಂಗಭೂಮಿಯ ಮೇಲೆ. ಅರುಂಧತಿಯವರ ಪರಿಚಯವಾದದ್ದೂ ಅಲ್ಲಿನ ನಾಟಕದ ಬಳಗದಲ್ಲೇ. ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಚಿತ್ರದ ಅಭಿನಯಕ್ಕೆ 1979ರ ದೆಹಲಿಯ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂದಾಗ ಅವರಿಗೆ ಬರೀ 24 ವರ್ಷ.

ಅಷ್ಟು ಹೆಸರು ಬಂದ ಮೇಲೆ ನಾಟಕವನ್ನು ಕೈಬಿಡುವವರೇ ಹೆಚ್ಚು. ಶಂಕರ್ ಬಿಡಲಿಲ್ಲ. ಬೆಂಗಳೂರಿನಲ್ಲಿ ಅರುಂಧತಿಯವರ ಜೊತೆಗೂಡಿ ‘ಸಂಕೇತ್’ ತಂಡ ಕಟ್ಟಿದರು. ‘ಅಂಜುಮಲ್ಲಿಗೆ’, ‘ನೋಡಿ ಸ್ವಾಮಿ ನಾವಿರೋದು ಹೀಗೆ’, ‘ನಾಗಮಂಡಲ’ ಹೀಗೆ ಒಂದಾದ ಮೇಲೊಂದು ನಾಟಕ ರಂಗಕ್ಕೆ ಬಂದವು. ಕನ್ನಡ ಚಿತ್ರಗಳ ಧ್ವನಿಮುದ್ರಣಕ್ಕೆ ಮದ್ರಾಸಿಗೇ ಓಡಬೇಕಿದ್ದ ಕಾಲದಲ್ಲಿ ಬೆಂಗಳೂರಲ್ಲೇ ಒಂದು ಸ್ಟುಡಿಯೋ ತೆರೆದರು. ಅವರೇ ನಿರ್ದೇಶಿಸಿದ ‘ಆಕ್ಸಿಡೆಂಟ್’ (1985) ಚಿತ್ರ, ಫುಟ್‌ಪಾತಿನಲ್ಲಿ ಮಲಗಿದ ಕೂಲಿಕಾರರ ಮೇಲೆ ಉಳ್ಳವರ ಮಗನ ಕಾರು ಹರಿದಾಗ ನ್ಯಾಯ ಯಾರ ಕಡೆ ವಾಲುತ್ತದೆಂದು ನೇರವಾಗಿ ಕೇಳಿತು.

ಆಮೇಲೆ ‘ಮಾಲ್ಗುಡಿ ಡೇಸ್’. 1986ರಲ್ಲಿ ದೂರದರ್ಶನದಲ್ಲಿ ಬಂದ ಆ ಧಾರಾವಾಹಿಯನ್ನು ಮಕ್ಕಳನ್ನು ಪಕ್ಕಕ್ಕೆ ಕೂರಿಸಿಕೊಂಡು ನೋಡಿದ ತಾಯಂದಿರು ಎಷ್ಟೋ! ಆರ್.ಕೆ. ನಾರಾಯಣರ ಕಥೆಗಳ ಆ ಊರನ್ನು ಶಂಕರ್ ನಮ್ಮ ಮಲೆನಾಡಿನ ಆಗುಂಬೆಯಲ್ಲಿ ಕಂಡರು. ಅಲ್ಲಿನ ಬೀದಿ, ಜಗಲಿ, ಹಳೆಯ ದೊಡ್ಡಮನೆ ಎಲ್ಲವೂ ಮಾಲ್ಗುಡಿಯಾದವು. ಊರವರೂ ಕ್ಯಾಮೆರಾದ ಮುಂದೆ ನಿಂತರು.

1990ರ ಸೆಪ್ಟೆಂಬರ್ 30. ದಾವಣಗೆರೆಯ ಹತ್ತಿರ ಆನಗೋಡಿನ ಬಳಿ ನಡೆದ ರಸ್ತೆ ಅಪಘಾತದಲ್ಲಿ ಶಂಕರ್ ತೀರಿಕೊಂಡರು. ಆಗ ಅವರಿಗೆ 35 ವರ್ಷ. ಅದೇ ಕಾರಿನಲ್ಲಿದ್ದ ಅರುಂಧತಿಯವರಿಗೂ ಬಲವಾದ ಪೆಟ್ಟು ಬಿದ್ದಿತ್ತು.

ಗಂಡನನ್ನು ಕಳೆದುಕೊಂಡ ಹೆಂಗಸಿಗೆ ‘ಇನ್ನು ಮಗುವನ್ನು ನೋಡಿಕೊಂಡು ಮನೆಯಲ್ಲಿರಮ್ಮ’ ಎನ್ನುವುದು ನಮ್ಮ ಸಮಾಜದ ರೂಢಿ. ಅರುಂಧತಿ ಮಗಳನ್ನೂ ಬೆಳೆಸಿದರು, ರಂಗಕ್ಕೂ ಮರಳಿದರು. ನಾಟಕಕ್ಕೇ ಮೀಸಲಾದ ಒಂದು ಒಳ್ಳೆಯ ರಂಗಮಂದಿರ ಬೇಕೆಂಬುದು ಶಂಕರ್ ಕನಸಾಗಿತ್ತು. ಅದಕ್ಕಾಗಿ 1992ರಲ್ಲಿ ಟ್ರಸ್ಟ್ ಮಾಡಿದರು. ಜಾಗಕ್ಕಾಗಿ ಸರ್ಕಾರದ ಕದ ತಟ್ಟಿದರು, ದುಡ್ಡಿಗಾಗಿ ದಾನಿಗಳ ಮುಂದೆ ನಿಂತರು. ಜೆ.ಪಿ. ನಗರದಲ್ಲಿ ‘ರಂಗಶಂಕರ’ದ ಬಾಗಿಲು ತೆರೆದದ್ದು 2004ರ ಅಕ್ಟೋಬರಿನಲ್ಲಿ. ಹನ್ನೆರಡು ವರ್ಷ ಬೇಕಾಯಿತು.

ದೊಡ್ಡವರು ಹೋದರೆ ನಾವು ವೃತ್ತಕ್ಕೊಂದು ಹೆಸರಿಟ್ಟು, ಪ್ರತಿಮೆ ನಿಲ್ಲಿಸಿ, ವರ್ಷಕ್ಕೊಮ್ಮೆ ಹಾರ ಹಾಕಿ ಸುಮ್ಮನಾಗುತ್ತೇವೆ. ಅರುಂಧತಿ ಆರಿಸಿಕೊಂಡದ್ದು ದಿನದಿನವೂ ದುಡಿಮೆ ಬೇಡುವ ಸ್ಮಾರಕವನ್ನು. ದೀಪ ಹಚ್ಚಬೇಕು, ನೆಲ ಗುಡಿಸಬೇಕು, ಹೊಸ ಹುಡುಗರ ತಂಡಗಳಿಗೆ ಎಟಕುವ ಬಾಡಿಗೆಯಲ್ಲಿ ರಂಗ ಕೊಡಬೇಕು. ಮನೆ ನಡೆಸುವ ಹೆಂಗಸರಿಗೆ ಇದರ ಶ್ರಮ ಎಷ್ಟೆಂದು ಬಿಡಿಸಿ ಹೇಳಬೇಕಿಲ್ಲ.

ಮದುವೆಗೋ ಆಸ್ಪತ್ರೆಗೋ ಬೆಂಗಳೂರಿಗೆ ಹೋದಾಗ ಒಂದು ಸಂಜೆಯನ್ನು ಇದಕ್ಕೆಂದು ಎತ್ತಿಡಿ. ಸ್ವಲ್ಪ ಮುಂಚೆಯೇ ಹೊರಡಿ, ತಡವಾಗಿ ಬಂದವರನ್ನು ಅಲ್ಲಿ ಒಳಗೆ ಬಿಡುವುದಿಲ್ಲ.