ಸೊಟ್ಟ ಮನೆಯ ಇತಿಹಾಸ

ಕೈಗಾರಿಕಾ ಕ್ರಾಂತಿಯ ಪಾಠದಲ್ಲಿ ಉಗಿಯಂತ್ರ, ಹತ್ತಿಗಿರಣಿ, ಕಲ್ಲಿದ್ದಲು ಎಂದು ನಾನು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಆ ಕಲ್ಲಿದ್ದಲಿನ ಕಥೆಯನ್ನು ತನ್ನ ಗೋಡೆಗಳಲ್ಲೇ ಹೊತ್ತಿದ್ದ ಒಂದು ಹಳ್ಳಿಯ ಪಾನಗೃಹದ ಬಗ್ಗೆ ಇಂದು ಬರೆಯುತ್ತಿದ್ದೇನೆ.

ಇಂಗ್ಲೆಂಡಿನ ಸ್ಟಾಫರ್ಡ್‌ಷೈರ್ ಕೌಂಟಿಯ ಹಿಮ್ಲಿ ಗ್ರಾಮದ ಸಮೀಪ 1765ರಲ್ಲಿ ರೈತರ ವಾಸಕ್ಕೆಂದು ಇಟ್ಟಿಗೆಯ ಮನೆಯೊಂದನ್ನು ಕಟ್ಟಿದರು. ಅಡಿಯಲ್ಲಿ ನಡೆದ ಗಣಿಗಾರಿಕೆಯಿಂದಾಗಿ ಹತ್ತೊಂಬತ್ತನೆಯ ಶತಮಾನದಲ್ಲಿ ನೆಲ ಕುಸಿದು, ಮನೆಯ ಒಂದು ಪಾರ್ಶ್ವವು ಇನ್ನೊಂದಕ್ಕಿಂತ ಸುಮಾರು 4 ಅಡಿ ಕೆಳಗಿಳಿಯಿತು. 1830ರ ಸುಮಾರಿಗೆ ಅದು ಪಾನಗೃಹವಾಯಿತು. ಭೂಮಾಲೀಕರ ಹೆಸರಿನಿಂದ ಅದನ್ನು ‘ಗ್ಲಿನ್ ಆರ್ಮ್ಸ್’ ಎಂದು ಕರೆದರೂ ಜನರ ಬಾಯಲ್ಲಿ ಉಳಿದದ್ದು ‘ಕ್ರೂಕೆಡ್ ಹೌಸ್’, ಅಂದರೆ ಸೊಟ್ಟ ಮನೆ.

1940ರ ದಶಕದಲ್ಲಿ ಕಟ್ಟಡವು ಅಪಾಯಕಾರಿಯೆಂದು ನಿರ್ಣಯವಾದಾಗ, ಬಿಯರ್ ತಯಾರಿಕಾ ಸಂಸ್ಥೆಯೊಂದು ಅದನ್ನು ಕೊಂಡು, ಹೊರಗಿನಿಂದ ಆಸರೆಗೋಡೆ, ಒಳಗೆ ಗರ್ಡರುಗಳನ್ನು ಕೊಟ್ಟು ಉಳಿಸಿತು. ಆದರೆ ಓರೆಯನ್ನು ನೇರಗೊಳಿಸಲಿಲ್ಲ. ಒಳಗೆ ಗೋಲಿಯನ್ನಿಟ್ಟರೆ ಅದು ಮೇಲಕ್ಕೆ ಉರುಳಿದಂತೆ ಕಾಣುತ್ತಿತ್ತು. ವಾಸ್ತವದಲ್ಲಿ ಗೋಲಿ ಇಳಿಜಾರಿನಲ್ಲೇ ಇಳಿಯುತ್ತಿತ್ತು. ಸುತ್ತಲಿನ ಬಾಗಿಲು, ಕಿಟಕಿ, ಗೋಡೆಗಳೆಲ್ಲವೂ ವಾಲಿದ್ದುದರಿಂದ ಯಾವುದು ಮಟ್ಟವೆಂಬುದು ಕಣ್ಣಿಗೆ ತಿಳಿಯುತ್ತಿರಲಿಲ್ಲ.

ಇಷ್ಟು ಪ್ರಸಿದ್ಧವಾದರೂ ಅದು ರಾಷ್ಟ್ರೀಯ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಇರಲಿಲ್ಲ. 2023ರ ಆಗಸ್ಟ್ 5ರ ರಾತ್ರಿ ಬೆಂಕಿಗೆ ಆಹುತಿಯಾದ ಕಟ್ಟಡವನ್ನು ಎರಡೇ ದಿನಗಳಲ್ಲಿ ಯಂತ್ರಗಳು ನೆಲಸಮಗೊಳಿಸಿದವು. 2024ರ ಫೆಬ್ರವರಿಯಲ್ಲಿ ಸ್ಥಳೀಯ ಆಡಳಿತವು ಅದನ್ನು ಮೊದಲಿದ್ದಂತೆಯೇ ಮತ್ತೆ ಕಟ್ಟಬೇಕೆಂದು ಮಾಲೀಕರಿಗೆ ಆದೇಶಿಸಿತು. ಅವರು ಮೇಲ್ಮನವಿ ಸಲ್ಲಿಸಿದರು. ಇಂಥ ಆದೇಶಕ್ಕೆ ನಿದರ್ಶನವೂ ಇದೆ. ಲಂಡನ್ನಿನಲ್ಲಿ 2015ರಲ್ಲಿ ಕೆಡವಿದ ‘ಕಾರ್ಲ್ಟನ್ ಟ್ಯಾವರ್ನ್’ ಎಂಬ ಪಾನಗೃಹವು ಆಡಳಿತದ ಆದೇಶದಂತೆ ಪುನರ್ನಿರ್ಮಾಣಗೊಂಡು 2021ರಲ್ಲಿ ಬಾಗಿಲು ತೆರೆಯಿತು.

ಆದರೆ ಸೊಟ್ಟ ಮನೆಯ ವಿಷಯ ಬೇರೆ. ಅದರ ಓರೆ ಯಾವ ಶಿಲ್ಪಿಯ ಕಲ್ಪನೆಯೂ ಅಲ್ಲ. ನೆಲದಡಿಯಲ್ಲಿ ದುಡಿದವರ ಶ್ರಮವು ನೆಲದ ಮೇಲೆ ಮೂಡಿಸಿದ ಗುರುತು. ನುರಿತ ಗಾರೆಯವನು ವಾಲಿದ ಗೋಡೆಯನ್ನು ಕಟ್ಟಬಲ್ಲ, ಭೂಮಿ ವಾಲಿಸಿದ ಗೋಡೆಯನ್ನು ಕಟ್ಟಲಾರ. ಹಾಗೆಂದು ಪುನರ್ನಿರ್ಮಾಣ ವ್ಯರ್ಥವೆಂದು ನಾನು ಹೇಳಲಾರೆ. ಕೆಡವಿದ್ದನ್ನು ಮತ್ತೆ ಕಟ್ಟಿಸಬಹುದೆಂಬ ಅರಿವು ಮುಂದಿನ ಕಟ್ಟಡವನ್ನಾದರೂ ಕಾಯಬಹುದು. ಆದರೆ ಸಾಕ್ಷ್ಯವನ್ನು ಅದು ನಿಂತಿರುವಾಗಲೇ ಪಟ್ಟಿಗೆ ಸೇರಿಸಬೇಕು. ಅರಮನೆಗಳನ್ನಷ್ಟೇ ಅಲ್ಲ, ಕುಸಿದ ನೆಲದ ಮೇಲಿನ ಸಾಮಾನ್ಯರ ಮನೆಗಳನ್ನೂ.