ಹಾಡಿ ಕಾದವರು ಯಾರು?

ಹೆಗ್ಗಡದೇವನಕೋಟೆಯ ಕಡೆ ‘ಹಾಡಿ’ ಎಂದರೆ ಕಾಡಂಚಿನ ಬುಡಕಟ್ಟು ಜನರ ವಸತಿ. ಕುಂದಾಪುರ, ಬೈಂದೂರು, ಬ್ರಹ್ಮಾವರದಲ್ಲಿ ಅದೇ ಮಾತಿಗೆ ಮನೆಯ ಹಿಂದಿನ ಮರಗಾಡು ಎಂದರ್ಥ. ಇಲ್ಲಿ ಕಾಡು ಬೇರೆ, ಹಾಡಿ ಬೇರೆ. ಕಾಡು ಇರುವುದು ಕೊಲ್ಲೂರು, ಕಮಲಶಿಲೆಯ ಆಚೆ, ಘಟ್ಟದ ಬುಡದಲ್ಲಿ. ಹಾಡಿ ಇರುವುದು ಬೈಲುಗದ್ದೆಗೂ ಬೋಳುಗುಡ್ಡೆಗೂ ನಡುವೆ, ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಹಿಂದೆ ಇದು ದೊಡ್ಡ ಮನೆತನಗಳ ಭೂಮಿಯ ಒಂದು ಅಂಗವಾಗಿತ್ತು. ಈಗ ಬಹುಪಾಲು ಊರಿನದು, ಸರ್ಕಾರದ್ದು, ಅಥವಾ ಯಾರದೆಂದು ಯಾರೂ ಕೇಳದೆ ಬಿಟ್ಟದ್ದು. ಇಂಥ ಹಾಡಿಯಲ್ಲಿ ಊರಿನ ಯುವಕರು ಕಸ ಹೆಕ್ಕಿ ಸಸಿ ನೆಟ್ಟರೆ, ಪಟ್ಟಣದಿಂದ ಬಂದ ಹೊಸ ಪರಿಸರಪ್ರೀತಿ ಎಂದು ನಾವು ಮೆಚ್ಚುತ್ತೇವೆ. ಈ ಮೆಚ್ಚುಗೆಯಲ್ಲಿ ಒಂದು ತಪ್ಪೆಣಿಕೆ ಇದೆ. ಕೂಲಿಯಿಲ್ಲದೆ ಹಾಡಿಯಲ್ಲಿ ದುಡಿಯುವುದು ಈ ಸೀಮೆಗೆ ಹಳೆಯದು. ಹೊಸತೆಂದರೆ, ದುಡಿದವನಿಗೆ ಹಾಡಿಯಲ್ಲಿ ಪಾಲಿಲ್ಲದಿರುವುದು.

ಹಾಡಿ ಏಕೆ ಉಳಿದಿತ್ತು ಎಂಬುದಕ್ಕೆ ಉತ್ತರ ದನದ ಹಟ್ಟಿಯಲ್ಲಿ ಸಿಗುತ್ತದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಮುರಕಲ್ಲಿನ ನೆಲ ಇದು. ಮಣ್ಣಿನ ಸಾರ ನೀರಿನೊಂದಿಗೆ ಹೋಗುತ್ತದೆ. ಗದ್ದೆಗೆ ಮತ್ತೆ ಸಾರ ತರಬೇಕಾದರೆ ಸೊಪ್ಪು ಬೇಕು. ಬೇಸಗೆಯಲ್ಲಿ ಉದುರಿದ ತರಗೆಲೆಯನ್ನು ಗುಡಿಸಿ, ಹೆಡಿಗೆಗೆ ತುಳಿದು ತುಂಬಿ, ತಲೆಹೊರೆಯಲ್ಲಿ ಹಟ್ಟಿಗೆ ತಂದು ದನದ ಕಾಲಡಿಗೆ ಹರವುತ್ತಿದ್ದರು, ಮಳೆಗಾಲದಲ್ಲಿ ಹಸಿಸೊಪ್ಪು. ಸೆಗಣಿ, ಗಂಜಲ ಕುಡಿದ ಆ ಸೊಪ್ಪು ಗೊಬ್ಬರದ ಗುಂಡಿಯಲ್ಲಿ ಕಳಿತು ಗದ್ದೆ ಸೇರುತ್ತಿತ್ತು. ಬೈಲಿನ ಅನ್ನ ಹಾಡಿಯ ಎಲೆಯಿಂದ ಹುಟ್ಟುತ್ತಿತ್ತು ಎಂದರೆ ಉತ್ಪ್ರೇಕ್ಷೆಯಲ್ಲ. ಆಡಳಿತಕ್ಕೂ ಇದು ಗೊತ್ತಿತ್ತು. ಹಳೆಯ ವರ್ಗದ (ಹಿಡುವಳಿಯ) ಜಮೀನಿಗೆ ತಾಗಿದ ನೂರು ಗಜದೊಳಗಿನ ಸರ್ಕಾರಿ ನೆಲದಲ್ಲಿ ಸೊಪ್ಪು, ಸೌದೆ, ಬೇಸಾಯಕ್ಕೆ ಬೇಕಾದ ಮರಮಟ್ಟು ತೆಗೆಯುವ ಸವಲತ್ತಿಗೆ ‘ಕುಮ್ಕಿ’ ಎಂದು ಹೆಸರು. ಪಾರಸಿಯಿಂದ ಬಂದ ಆ ಪದಕ್ಕೆ ನೆರವು ಎಂದೇ ಅರ್ಥ. ನೆಲ ಸರ್ಕಾರದ್ದು, ನೆರವು ಗದ್ದೆಯದು. 1964ರ ಭೂಕಂದಾಯ ಕಾಯ್ದೆಯ 79ನೇ ಕಲಮು ಕೂಡ ಅಂದಿನ ದಕ್ಷಿಣ ಕನ್ನಡದ ಕುಮ್ಕಿ ಮತ್ತು ಅದೇ ಬಗೆಯ ಕಾನೆ, ಬಾಣೆ ನೆಲಗಳ ಈ ಸವಲತ್ತನ್ನು ಉಳಿಸಿಕೊಂಡಿತು.

ಹಾಡಿಯನ್ನು ಕಾದದ್ದು ಸೊಪ್ಪಿನ ಲೆಕ್ಕವಲ್ಲ, ನಾಗನ ಭಯ ಎನ್ನುವವರಿದ್ದಾರೆ. ಮಾತು ಅರ್ಧ ನಿಜ. ಹಾಡಿಯ ಒಂದು ಮೂಲೆಯಲ್ಲಿ ನಾಗಬನ, ಇನ್ನೊಂದೆಡೆ ಹಾಯ್ಗುಳಿ, ಬೊಬ್ಬರ್ಯ ದೈವಗಳ ನೆಲೆ ಇರುವುದು ಇಲ್ಲಿ ಸಾಮಾನ್ಯ. ಅಲ್ಲಿನ ಹೆಬ್ಬಲಸು, ರೆಂಜೆ, ಕಾಸರಕ, ಹಾಲೆ ಮರಗಳಿಗೆ ಕತ್ತಿ ತಾಗಿಸುವ ಧೈರ್ಯ ಯಾರಿಗೂ ಇರಲಿಲ್ಲ. ಆದರೆ ಬನ ಕೆಲವು ಸೆಂಟ್ಸ್ ಜಾಗ. ಅದರ ಸುತ್ತಲಿನ ಹಾಡಿಯಲ್ಲಿ ವರ್ಷವೂ ಕತ್ತಿ ಆಡುತ್ತಿತ್ತು, ಆದರೂ ಹಾಡಿ ಉಳಿಯಿತು. 1801ರಲ್ಲಿ ಕುಂದಾಪುರ, ಬೈಂದೂರಿನ ದಾರಿಯಾಗಿ ಉತ್ತರಕ್ಕೆ ಹೋದ ಫ್ರಾನ್ಸಿಸ್ ಬುಕಾನನ್, ಮುಂದೆ ಕಾರವಾರ ಸೀಮೆಯಲ್ಲಿ ಕಂಡ ಒಂದು ಪದ್ಧತಿಯನ್ನು ಬರೆದಿಟ್ಟಿದ್ದಾನೆ. ಅಲ್ಲಿ ಕಾಡು ಊರದೇವರದು. ಮರ ಕಡಿಯಲು ಪೂಜಾರಿಯೂ ಆದ ಗೌಡನನ್ನು ಕೇಳಬೇಕು. ಒಪ್ಪಿಗೆಗೆ ದೇವರು ಏನನ್ನೂ ಪಡೆಯುವುದಿಲ್ಲ. ಸರ್ಕಾರದ ಹಕ್ಕು ತಪ್ಪಿಸಲು ಹೂಡಿದ ಉಪಾಯ ಇದು ಎಂದು ಈಸ್ಟ್ ಇಂಡಿಯಾ ಕಂಪನಿಯ ಆ ಅಧಿಕಾರಿಗೆ ಅನಿಸಿತು. ಅವನ ಕಣ್ಣಿಗೆ ಬೀಳದ್ದು ಕೇಳುವ ಕ್ರಮದ ಬೆಲೆ. ಕಡಿಯಬೇಡ ಎಂಬುದಕ್ಕಿಂತ ಕೇಳಿ ಕಡಿ ಎಂಬ ಕಟ್ಟಳೆ ಹೆಚ್ಚು ನೆಲವನ್ನು ಕಾಯಬಲ್ಲದು. ಕೇಳುವವನು ನಾಲ್ಕು ಜನರ ಎದುರು ಕೇಳುತ್ತಾನೆ. ಎಷ್ಟು, ಯಾಕೆ ಎಂದು ಹೇಳಬೇಕಾಗುತ್ತದೆ.

ಹಾಗೆಂದು ಆ ಕಾಲವನ್ನು ಹೊಗಳಿ ಕೂರುವಂತಿಲ್ಲ. ಹಾಡಿಯ ಮೇಲಿನ ಮಾತು ಧನಿಗಳದು, ಹೆಡಿಗೆ ಹೊತ್ತ ತಲೆ ಒಕ್ಕಲಿನದು. ಚಾಲಗೇಣಿಯ ಒಕ್ಕಲಿಗೆ ತಾನು ಉತ್ತ ಗದ್ದೆಯೇ ಮುಂದಿನ ವರ್ಷ ಇರುತ್ತದೆಂಬ ಖಾತ್ರಿ ಇರಲಿಲ್ಲ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆ ಆ ಅನ್ಯಾಯವನ್ನು ಮುರಿಯಿತು. ಭೂಮಸೂದೆ ಬಂದೇ ಹಾಡಿ ಹಾಳಾಯಿತು ಎಂಬ ಗೊಣಗಾಟ ಈಗಲೂ ಕೇಳಿಬರುತ್ತದೆ. ಪಟ್ಟೆಯ ಹೆಸರು ಬದಲಾದ ಮಾತ್ರಕ್ಕೆ ಮರ ಒಣಗುವುದಿಲ್ಲ. ಹೊಸ ಒಡೆಯನ ಗದ್ದೆಗೂ ಸೊಪ್ಪು ಬೇಕಿತ್ತು. ಬೇಡವಾದದ್ದು ಸೊಸೈಟಿಯಲ್ಲಿ ಗೊಬ್ಬರದ ಚೀಲ ಸಿಗತೊಡಗಿದ ಮೇಲೆ, ಸೌದೆಯ ಒಲೆಯ ಬದಲು ಗ್ಯಾಸ್ ಬಂದ ಮೇಲೆ, ಹಟ್ಟಿ ಖಾಲಿಯಾಗಿ ಗದ್ದೆ ಹಡಿಲು ಬಿದ್ದ ಮೇಲೆ. ಅಲ್ಲಿಂದ ಹಾಡಿ ಗೇರುತೋಪಾಯಿತು, ಅಕೇಶಿಯ ನೆಡುತೋಪಾಯಿತು, ಕಲ್ಲುಕೋರೆಯಾಯಿತು, ಕಸ ಸುರಿಯುವ ಜಾಗವಾಯಿತು. ಕೆರಾಡಿಯ ಸುತ್ತ ಚಿತ್ರೀಕರಿಸಿದ 2022ರ ‘ಕಾಂತಾರ’ದಲ್ಲಿ ಧನಿ, ಊರು, ಅರಣ್ಯ ಇಲಾಖೆ ನೆಲಕ್ಕಾಗಿ ಹೊಡೆದಾಡುತ್ತವೆ. ಹಾಡಿಯ ಕತೆ ಅದಕ್ಕಿಂತ ಸಪ್ಪೆ: ಇಲ್ಲಿ ಹೊಡೆದಾಡುವಷ್ಟು ಅದು ಯಾರಿಗೂ ಬೇಕಾಗಲಿಲ್ಲ.

ಬಳಕೆ ಹೋಗಿ ಭಕ್ತಿಯೊಂದೇ ಉಳಿದರೆ ಏನಾಗುತ್ತದೆ ಎಂಬುದಕ್ಕೆ ಕಾಂಕ್ರೀಟಿನ ನಾಗಬನವೇ ಸಾಕ್ಷಿ. ಮುಂಬಯಿ, ಬೆಂಗಳೂರು ಸೇರಿದ ಕುಟುಂಬ ನಾಗರಪಂಚಮಿಗೆ ತನು ಎರೆಯಲು ಬರುತ್ತದೆ. ಬಳ್ಳಿ ಹೆಣೆದ ಬನ ಅದಕ್ಕೆ ಕೊಳಕಾಗಿ ಕಾಣುತ್ತದೆ. ಬೇರು ಕಲ್ಲನ್ನು ಸೀಳುತ್ತದೆಂದು ಮರ ಹೋಗುತ್ತದೆ. ಕಟ್ಟೆ, ಗ್ರಾನೈಟ್, ಸುತ್ತ ಇಂಟರ್‌ಲಾಕ್ ಬರುತ್ತದೆ. ಮಧ್ಯಾಹ್ನದ ಬಿಸಿಲಿಗೆ ನಾಗನ ಕಲ್ಲು ಕಾಯುತ್ತದೆ. ಭಕ್ತಿಗೆ ಕೊರತೆ ಬಿದ್ದು ಹೀಗಾದದ್ದಲ್ಲ, ಖರ್ಚಂತೂ ಧಾರಾಳ. ಆ ಮರದ ಎಲೆ, ನೆರಳು, ಅದರ ಬುಡದಲ್ಲಿ ಇಂಗುವ ನೀರು ಬೇಕಾದವರು ಅಲ್ಲಿ ಇರಲಿಲ್ಲ, ಅಷ್ಟೆ.

ಇಷ್ಟು ಚಿಕ್ಕ ಹಾಡಿ ಉಳಿದು ಆಗಬೇಕಾದ್ದೇನು, ಆಚೆಗೆ ಮೂಕಾಂಬಿಕಾ ವನ್ಯಧಾಮ ಇಲ್ಲವೇ ಎಂದು ಕೇಳಬಹುದು. ಘಟ್ಟದ ಬುಡದ ಕಾಡು ಕರಾವಳಿಯ ಬಾವಿಗೆ ನೀರಿಳಿಸುವುದಿಲ್ಲ. ಬೋಳು ಮುರಕಲ್ಲಿನ ಮೇಲೆ ಓಡಿಹೋಗುವ ಮಳೆಯನ್ನು ಹಿಡಿದು ಕೆಳಗಿನ ಮದಗಕ್ಕೆ, ಬಾವಿಗೆ ತಲುಪಿಸುವುದು ಮನೆಹಿಂದಿನ ಈ ಮರಗಳೇ. ಇನ್ನು ಸ್ವಯಂಸೇವಕರ ಉತ್ಸಾಹ ವನಮಹೋತ್ಸವದ ಫೋಟೊಗೆ ಮುಗಿಯುತ್ತದೆ ಎಂಬ ಟೀಕೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ತಪ್ಪು ಅವರದೊಂದೇ ಅಲ್ಲ. ಇಂಗ್ಲೆಂಡಿನಲ್ಲಿ 1895ರಲ್ಲಿ ಹುಟ್ಟಿದ ನ್ಯಾಷನಲ್ ಟ್ರಸ್ಟ್ ಹಳೆಯ ಜಮೀನ್ದಾರಿ ಎಸ್ಟೇಟುಗಳನ್ನು ಸಾವಿರಾರು ಸ್ವಯಂಸೇವಕರಿಂದ ನಡೆಸುತ್ತಿದೆ. ಅಲ್ಲಿ ನೆಲ ಟ್ರಸ್ಟಿನದು, ಕಾಯುವವರ ಹಿಂದೆ ಒಂದು ಸಂಸ್ಥೆ ಇದೆ. ನಮ್ಮ ಹುಡುಗರು ನೆಟ್ಟ ಸಸಿ ನಾಳೆ ಯಾವ ಕಚೇರಿಯ ಯಾವ ಆದೇಶಕ್ಕೆ ಬಲಿಯಾದೀತೋ, ಅವರನ್ನು ಕೇಳುವವರಿಲ್ಲ.

ಪಾಲು ಕೊಡುವ ದಾರಿ ಕಾಗದದ ಮೇಲಾದರೂ ಇದೆ. 1993ರ ಜಂಟಿ ಅರಣ್ಯ ಯೋಜನೆಯ ಆದೇಶ ಗ್ರಾಮ ಅರಣ್ಯ ಸಮಿತಿಗಳಿಗೆ, 2002ರ ಜೀವವೈವಿಧ್ಯ ಕಾಯ್ದೆ ಸ್ಥಳೀಯ ನಿರ್ವಹಣಾ ಸಮಿತಿಗಳಿಗೆ ಅವಕಾಶ ಕೊಟ್ಟಿವೆ. ಹಾಡಿ ಕಾಯುವವರನ್ನು ಅವುಗಳೊಳಗೆ ತಂದು, ತರಗೆಲೆ, ಮುರುಗಲು, ಸೀಗೆಯ ಮೇಲೆ ಅವರಿಗೆ ಅಳತೆಯುಳ್ಳ ಹಕ್ಕನ್ನೂ, ಮರ ಬೀಳುವ ಮೊದಲು ತಮ್ಮನ್ನು ಕೇಳಬೇಕೆಂಬ ಅಧಿಕಾರವನ್ನೂ ಕೊಟ್ಟರೆ ಅದು ಹೊಸ ಕುಮ್ಕಿಯಾದೀತು. ಹಳೆಯ ಕುಮ್ಕಿ ಜಮೀನಿದ್ದವನಿಗೆ ಸಂದಿತ್ತು. ಹೊಸತು ಹೆಡಿಗೆ ಹೊತ್ತವನಿಗೆ ಸಲ್ಲಬೇಕು.