ಹಾವೇರಿ ಸೀಮೆಗೆ ಕಾನೂನು ವಿದ್ಯೆ ಬಂದ ದಾರಿ

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಈ ಮೂರು ಊರುಗಳೂ ಒಂದೇ ರೈಲುದಾರಿಯ ಮೇಲಿರುವುವು. ಏಲಕ್ಕಿಯ ಹಾರದಿಂದ ಹಾವೇರಿಯೂ, ಮೆಣಸಿನಕಾಯಿಯಿಂದ ಬ್ಯಾಡಗಿಯೂ, ಬಿತ್ತನೆಯ ಬೀಜದಿಂದ ರಾಣೆಬೆನ್ನೂರೂ ಹೆಸರು ಪಡೆದಿರುವುದನ್ನು ಕೇಳುಗರು ಬಲ್ಲರು. ವ್ಯಾಪಾರವಿದ್ದಲ್ಲಿ ವ್ಯಾಜ್ಯವೂ ಉಂಟು. ವ್ಯಾಜ್ಯವಿದ್ದಲ್ಲಿ ವಕೀಲನು ಬೇಕು. ಆ ವಕೀಲನು ತನ್ನ ವಿದ್ಯೆಯನ್ನು ಎಲ್ಲಿಂದ ತಂದನೆಂಬುದನ್ನು ಇಂದು ವಿಚಾರಿಸೋಣ.

1956ರ ವರೆಗೆ ಈ ಸೀಮೆಯು ಮುಂಬಯಿ ಆಡಳಿತಕ್ಕೆ ಸೇರಿದ್ದಿತು. ಅಲ್ಲಿಯ ಸರ್ಕಾರಿ ಕಾನೂನು ಶಾಲೆಯು 1855ರಲ್ಲಿಯೂ, ಹೈಕೋರ್ಟು 1862ರಲ್ಲಿಯೂ ಸ್ಥಾಪಿತವಾದುವು. ಆದಕಾರಣ ಕಾನೂನು ಕಲಿಯುವವನಿಗೂ, ಮೇಲಿನ ಅಪೀಲು ಹೂಡುವವನಿಗೂ ಮುಂಬಯಿಯೇ ಗತಿಯಾಗಿದ್ದಿತು. 1924ರಲ್ಲಿ ಪುಣೆಯಲ್ಲಿ ಕಾನೂನು ಕಾಲೇಜು ತೆರೆದಾಗ ದೂರವು ತುಸು ತಗ್ಗಿತಾದರೂ, ಪರಸ್ಥಳದಲ್ಲಿ ವರ್ಷಗಟ್ಟಲೆ ಊಟವಸತಿಗಳ ವೆಚ್ಚವನ್ನು ತಡೆಯಬಲ್ಲ ಮನೆಗಳೆಷ್ಟು? ಪ್ಲೀಡರಿ ಪರೀಕ್ಷೆಯನ್ನು ಮುಗಿಸಿ, ಸನದು ಪಡೆದು, ಕೆಳಗಿನ ಕೋರ್ಟುಗಳಲ್ಲಿ ವಾದಿಸುವುದೇ ಅನೇಕರಿಗೆ ಉಳಿದ ಮಾರ್ಗವಾಗಿದ್ದಿತು.

1939ರಲ್ಲಿ ಕರ್ನಾಟಕ ಲಾ ಸೊಸೈಟಿಯು ಬೆಳಗಾವಿಯಲ್ಲಿ ಕಾಲೇಜನ್ನು ಸ್ಥಾಪಿಸಿತು. ವಂಟಮುರಿಯ ರಾಜಾ ಲಖಮಗೌಡರ ಹೆಸರು ಅದಕ್ಕಿದೆ. ಬೆಂಗಳೂರಿನಲ್ಲಿ ಸರ್ಕಾರಿ ಕಾನೂನು ಕಾಲೇಜು ಆರಂಭವಾದುದು 1948ರಲ್ಲಿ. ಆದುದರಿಂದ ಮೈಸೂರು ಸೀಮೆಯ ವಿದ್ಯಾರ್ಥಿಗಳಿಗೂ ಬೆಳಗಾವಿಯು ಆಶ್ರಯವಾಯಿತು. 1949ರಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾನಿಲಯವು ಮರುವರ್ಷ ಮುಂಬಯಿಯಿಂದ ಧಾರವಾಡಕ್ಕೆ ಬಂದು, 1962ರಲ್ಲಿ ತನ್ನದೇ ಕಾನೂನು ಕಾಲೇಜನ್ನು ತೆರೆಯಿತು. ಇಂದು ಅದಕ್ಕೆ ಸರ್ ಸಿದ್ದಪ್ಪ ಕಂಬಳಿಯವರ ಹೆಸರಿದೆ. ಕಾಲಕ್ರಮದಲ್ಲಿ ರಾಣೆಬೆನ್ನೂರಿನಲ್ಲಿಯೇ ಕಾನೂನು ಕಾಲೇಜು ನೆಲೆಗೊಂಡಿತು. 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠವು ಧಾರವಾಡಕ್ಕೂ, 2009ರಲ್ಲಿ ಕಾನೂನು ವಿಶ್ವವಿದ್ಯಾನಿಲಯವು ಹುಬ್ಬಳ್ಳಿಗೂ ಬಂದುವು.

ಹೀಗೆ ಮುಂಬಯಿಯ ವಿದ್ಯೆಯು ಒಂದೊಂದೇ ನಿಲ್ದಾಣವನ್ನು ದಾಟಿ ನಮ್ಮ ಊರಿಗೆ ಬಂದು ಇಳಿಯಿತೆನ್ನಬಹುದು. ಹೊಲ ಮಾರದೆ, ಊರು ಬಿಡದೆ ರೈತನ ಮಗನೂ ಮಗಳೂ ಕರಿಯ ಕೋಟು ತೊಡುವಂತಾದುದು ಸಾಮಾನ್ಯ ಲಾಭವಲ್ಲ.

ಆದರೆ ದಾರಿಯ ದೂರವು ಸವೆದಷ್ಟು ಭಾಷೆಯ ದೂರವು ಸವೆದಿಲ್ಲ. ಹೈಕೋರ್ಟಿನ ತೀರ್ಪು ಇಂಗ್ಲಿಷಿನಲ್ಲಿ ಬರುವುದು ಇಂದಿಗೂ ವಾಡಿಕೆ. ತನ್ನ ಹೊಲದ ವಿಷಯವಾಗಿ ಹೊರಟ ತೀರ್ಪನ್ನು ಕೈಯಲ್ಲಿ ಹಿಡಿದು, ತಾನು ಗೆದ್ದೆನೋ ಸೋತೆನೋ ಎಂದು ರೈತನು ಇನ್ನೊಬ್ಬನ ಮುಖವನ್ನು ನೋಡಬೇಕಾಗಿದೆ. ಊರಿನಲ್ಲಿಯೇ ಓದಿದ ವಕೀಲನು ಅದನ್ನು ಅವನಿಗೆ ತಿಳಿಗನ್ನಡದಲ್ಲಿ ಓದಿ ಹೇಳಿದಂದು ಈ ವಿದ್ಯೆಯ ಪಯಣವು ಮುಗಿದೀತೆಂದು ನಾವು ಭಾವಿಸುತ್ತೇವೆ.